ನೋವಿಲ್ಲ ಅಂದ್ರೆ ಅವಸರ ಇಲ್ಲ ಅಂತಲ್ಲ!

ನಮ್ಮ ರಿಪ್ಪನ್‌ಪೇಟೆ ಕಡೆ ಯಾರಿಗಾದ್ರೂ ಎದೆನೋವು ಅಂದ್ರೆ ಸಾಕು, ಅರ್ಧರಾತ್ರೀಲೂ ಪಕ್ಕದ ಮನೆಯ ಜೀಪೋ ಓಮ್ನಿಯೋ ಶಿವಮೊಗ್ಗಕ್ಕೆ ಹೊರಟುಬಿಡುತ್ತೆ. ಹಾವು ಕಚ್ಚಿದ್ರೂ ಅಷ್ಟೇ. ಅದೇ "ಯಾಕೋ ಬಲಗಣ್ಣು ಇದ್ದಕ್ಕಿದ್ದ ಹಾಗೆ ಕಾಣ್ತಿಲ್ಲ" ಅಂದ್ರೆ? "ಉಷ್ಣ ಆಗಿರ್ಬೇಕು, ತಲೆಗೆ ಎಣ್ಣೆ ಹಚ್ಕೊಂಡು ಮಲಗು." "ಪೊರೆ ಬಂದಿರ್ಬೇಕು, ಸೋಮವಾರ ಸಾಗರಕ್ಕೆ ಹೋದಾಗ ತೋರಿಸಿದ್ರಾಯ್ತು." ನೋವಿಲ್ವಲ್ಲ, ಏನವಸರ? ಈ 'ಏನವಸರ'ದ ಮೇಲೇ ನನ್ನ ತಕರಾರು.

ನಾನು ಡಾಕ್ಟರಲ್ಲ, ಕೋಡು ಕುಟ್ಟೋ ಇಂಜಿನಿಯರು. ಆದ್ರೆ ಯಾವ ತೊಂದರೆ ಈಗಲೇ ನೋಡ್ಬೇಕು, ಯಾವುದು ನಾಳೆಗಾದ್ರೂ ನಡೆಯುತ್ತೆ ಅಂತ ವಿಂಗಡಿಸೋದು ನಮ್ಮ ದಿನನಿತ್ಯದ ಪಾಡು. ಗದ್ದಲ ಮಾಡೋ ಸರ್ವರ್‌ಗಿಂತ ಸದ್ದಿಲ್ದೆ ನಿಂತುಹೋದ ಸರ್ವರ್ರೇ ಹೆಚ್ಚು ಅಪಾಯ ಅನ್ನೋದು ಈ ಕೆಲಸಕ್ಕೆ ಸೇರಿದವರಿಗೆಲ್ಲ ಗೊತ್ತು. ಕಣ್ಣಿನದ್ದೂ ಹಾಗೇ.

ಈ ನಿಧಾನ ನಮಗೆ ಬಂದಿದ್ದು ಎಲ್ಲಿಂದ? ನನ್ನ ಪ್ರಕಾರ ಕಣ್ಣಿನ ಕ್ಯಾಂಪುಗಳಿಂದ. ಬೀಳಗಿಯಲ್ಲಿ ಹುಟ್ಟಿ 2005ರಲ್ಲಿ ತೀರಿಕೊಂಡ ಡಾ. ಎಂ.ಸಿ. ಮೋದಿಯವರು ಊರೂರು ತಿರುಗಿ ಎಷ್ಟೋ ಸಾವಿರ ಜನರ ಪೊರೆ ತೆಗೆದು ಬೆಳಕು ಕೊಟ್ರು. ದೊಡ್ಡ ಕೆಲಸ, ಎರಡು ಮಾತಿಲ್ಲ. ಆದ್ರೆ ಪೊರೆ ಬೆಳೆಯೋಕೆ ತಿಂಗಳು, ವರ್ಷಗಳೇ ಬೇಕು. ಮುಂದಿನ ಕ್ಯಾಂಪಿನ ತನಕ ಕಾದ್ರೂ ಸಾಮಾನ್ಯವಾಗಿ ನಷ್ಟ ಇಲ್ಲ. ಹಾಗಾಗಿ ಕಣ್ಣು ಅಂದ್ರೆ ಕಾಯಬಹುದಾದ ಖಾಯಿಲೆ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ.

ಇದ್ದಕ್ಕಿದ್ದ ಹಾಗೆ ಹೋದ ದೃಷ್ಟಿಗೆ ಈ ಅಳತೆಗೋಲು ನಡೆಯಲ್ಲ. ಕಣ್ಣಿನ ಹಿಂದಿನ ರೆಟಿನಾಕ್ಕೆ ರಕ್ತ ಕೊಡೋ ಮುಖ್ಯ ನಾಳ ಮುಚ್ಚಿಕೊಂಡ್ರೆ ಒಂದು ಚೂರೂ ನೋವಿಲ್ದೆ ಆ ಕಣ್ಣು ಕತ್ತಲಾಗುತ್ತೆ, ಕೆಲವೇ ಗಂಟೆಗಳಲ್ಲಿ ರೆಟಿನಾ ಸರಿಪಡಿಸಲಾಗದಷ್ಟು ಹಾಳಾಗುತ್ತೆ. ಇದು ಕಣ್ಣಿನಲ್ಲಾದ ಪಾರ್ಶ್ವವಾಯುವೇ ಅಂತ ಅಮೆರಿಕದ ಹಾರ್ಟ್ ಅಸೋಸಿಯೇಶನ್ 2021ರಲ್ಲೇ ಸ್ಪಷ್ಟವಾಗಿ ಹೇಳಿದೆ. ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡೋದಾ ಬೇಡವಾ ಅಂತ ಡಾಕ್ಟರು ಯೋಚನೆ ಮಾಡೋಕೂ ನಾಲ್ಕೂವರೆ ಗಂಟೆಯೊಳಗೆ ಅಲ್ಲಿರಬೇಕು.

"ಹೋದ್ರೂ ಕಣ್ಣು ಬರೋ ಗ್ಯಾರಂಟಿ ಇಲ್ವಲ್ಲ, ಸುಮ್ನೆ ಬಾಡಿಗೆ ದಂಡ" ಅನ್ನೋರಿದ್ದಾರೆ. ಗ್ಯಾರಂಟಿ ಇಲ್ಲ, ನಿಜ. ಆದ್ರೆ ಇವತ್ತು ಕಣ್ಣಿಗೆ ಬಂದ ಹೆಪ್ಪು ನಾಳೆ ಮೆದುಳಿಗೆ ಹೋಗಬಹುದು. ಐದೇ ನಿಮಿಷ ಕತ್ತಲಾಗಿ ತಾನೇ ಸರಿಹೋದ್ರೂ ಅದು ಎಚ್ಚರಿಕೆ ಗಂಟೆ. ಬಿಪಿ, ಶುಗರ್, ಇಸಿಜಿ, ಕುತ್ತಿಗೆಯ ರಕ್ತನಾಳ ಎಲ್ಲ ನೋಡಿಸ್ಲೇಬೇಕು. ಐವತ್ತು ದಾಟಿದವರಿಗೆ ಹೊಸದಾಗಿ ತಲೆನೋವು, ಎಲೆ ಅಡಿಕೆ ಜಗಿಯುವಾಗ ದವಡೆ ನೋವು ಜೊತೆಗಿದ್ರೆ ರಕ್ತನಾಳದ ಉರಿಯೂತ ಇರಬಹುದು. ತಕ್ಷಣ ಸ್ಟೀರಾಯ್ಡ್ ಶುರು ಮಾಡದಿದ್ರೆ ಇನ್ನೊಂದು ಕಣ್ಣಿಗೂ ಕುತ್ತು.

ಮನೆಯವರು ಕೇಳಬೇಕಾದ್ದು ನಾಲ್ಕೇ ಪ್ರಶ್ನೆ. ಒಂದೊಂದೇ ಕಣ್ಣು ಮುಚ್ಚಿ ನೋಡಿದ್ರೆ ಹೋಗಿರೋದು ಒಂದೋ, ಎರಡೂನೋ? ಸರಿಯಾಗಿ ಎಷ್ಟು ಹೊತ್ತಿಗೆ ಶುರುವಾಯ್ತು? ನೋವಿದ್ಯಾ? ಜೊತೆಗೆ ಬೇರೇನಾದ್ರೂ ಇದ್ಯಾ? ಕಣ್ಣು ಕೆಂಪಾಗಿ ಸಿಡಿತ, ದೀಪದ ಸುತ್ತ ಬಣ್ಣದ ಉಂಗುರ, ವಾಂತಿ ಇದ್ರೆ ಅದು ಗ್ಯಾಸ್ಟ್ರಿಕ್ಕಲ್ಲ, ಕಣ್ಣಿನ ಒತ್ತಡ ಏರಿರೋ ಗ್ಲಾಕೋಮಾ ಇರಬಹುದು. ಮಿಂಚು, ಕರಿಚುಕ್ಕಿ, ಆಮೇಲೆ ಪರದೆ ಇಳಿದ ಹಾಗಾದ್ರೆ ರೆಟಿನಾ ಕಳಚುತ್ತಿರಬಹುದು. ನನ್ನ ಹಾಗೆ ದಪ್ಪ ಮೈನಸ್ ಗ್ಲಾಸು ಹಾಕೋ ಕಂಪ್ಯೂಟರ್ ಮಂದಿ ಇದನ್ನ ನೆನಪಿಟ್ಕೊಳ್ಳಿ. ಕಳ್ಳಬಟ್ಟಿ ಕುಡಿದ ಮೇಲೆ ಎರಡೂ ಕಣ್ಣು ಮಂಜಾದ್ರೆ ಜೀವಕ್ಕೇ ಅಪಾಯ. 2008ರ ಮೇನಲ್ಲಿ ಬೆಂಗಳೂರು, ಕೋಲಾರದ ಕಡೆ ಮೆಥನಾಲ್ ಬೆರೆತ ಸಾರಾಯಿ ನೂರಕ್ಕೂ ಹೆಚ್ಚು ಜನರನ್ನ ಕೊಂದಿದ್ದು ಮರೆಯೋ ಹಾಗಿಲ್ಲ.

ಒಂದೇ ಸಂದರ್ಭದಲ್ಲಿ ಗಾಡಿ ಹತ್ತೋಕೆ ಮುಂಚೆ ಮನೇಲೇ ಕೆಲಸ ಇದೆ. ಕಣ್ಣಿಗೆ ಎಲೆ ಅಡಿಕೆಯ ಸುಣ್ಣವೋ, ಮಳೆಗಾಲದಲ್ಲಿ ತೋಟಕ್ಕೆ ಹೊಡೆಯೋ ಬೋರ್ಡೋ ದ್ರಾವಣವೋ ಸಿಡಿದ್ರೆ ಮೊದಲು ನೀರು! ರೆಪ್ಪೆ ಬಿಡಿಸಿ ಹಿಡಿದು, ಕಮ್ಮಿ ಅಂದ್ರೂ ಅರ್ಧ ಗಂಟೆ ಧಾರೆಯಾಗಿ ತೊಳೆದು ಆಮೇಲೆ ಹೊರಡಿ. ಮಿಕ್ಕಿದ್ದಕ್ಕೆಲ್ಲ ಹಳೇ ಡ್ರಾಪ್ಸೂ ಬೇಡ, ಕನ್ನಡಕದ ಅಂಗಡಿಯೂ ಬೇಡ.

ವಿನಾಯಕ ವೃತ್ತದಿಂದ ಆಯನೂರು ಮೇಲೆ ಶಿವಮೊಗ್ಗಕ್ಕೆ ಬಸ್ಸಲ್ಲಿ ಒಂದು ಗಂಟೆ ದಾಟುತ್ತೆ. ಒಳಗಿನ ಹಳ್ಳಿಯವರು ರಿಪ್ಪನ್‌ಪೇಟೆಗೆ ಬರೋದ್ರಲ್ಲೇ ಇನ್ನಷ್ಟು ಹೊತ್ತು. ಅಂದ್ರೆ ನಾಲ್ಕೂವರೆ ಗಂಟೆಯಲ್ಲಿ ಚರ್ಚೆಗೆ ಜಾಗವೇ ಇಲ್ಲ. 2008ರ ನವೆಂಬರಿನಿಂದ 108 ಇದೆ, ಕರೆಯಿರಿ. ಪಾರ್ಶ್ವವಾಯು ನೋಡೋ ಮೆಗ್ಗಾನ್‌ನಂಥ ದೊಡ್ಡಾಸ್ಪತ್ರೆಗೇ ನೇರ ಹೋಗಿ.

ನನ್ನ ಬೇಡಿಕೆ ದೊಡ್ಡ ಮಿಶೀನಿನದ್ದಲ್ಲ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಎಷ್ಟು ಬೆರಳು ಕಾಣುತ್ತೆ ಅಂತ ಕೇಳಿ, ಟಾರ್ಚ್ ಬಿಟ್ಟು ಎರಡೂ ಪಾಪೆ ನೋಡಿ, ಚೀಟಿಯಲ್ಲಿ 'ಶುರುವಾದ ಹೊತ್ತು' ಬರೆದು, ಮುಂದಿನ ಆಸ್ಪತ್ರೆಗೆ ಒಂದು ಫೋನ್ ಮಾಡಿದ್ರೆ ಸಾಕು. ಇದಕ್ಕೆ ಬಜೆಟ್ ಬೇಡ, ಇದು ಎಮರ್ಜೆನ್ಸಿ ಅನ್ನೋ ನಂಬಿಕೆ ಬೇಕು.

ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪ ಅಮ್ಮಂಗೆ ಹೊಸ ಫೋನ್ ಕಲಿಸ್ತೀವಲ್ಲ, ಜೊತೆಗೆ ಇದನ್ನೂ ಹೇಳಿಬನ್ನಿ. ನಿಮ್ಮೂರಿಂದ ದೊಡ್ಡಾಸ್ಪತ್ರೆಗೆ ಎಷ್ಟು ಹೊತ್ತಾಗುತ್ತೆ? ಯಾವತ್ತಾದ್ರೂ ಲೆಕ್ಕ ಹಾಕಿದ್ದೀರಾ?