ಆಲ್ಬಮ್‌ಗೆ ರೇಟ್ ಕೇಳ್ಬೇಡಿ

ಮಿಲಿಟರಿಯಿಂದ ರಿಟೈರ್ ಆದ ಅಜ್ಜ ಯಾರಾದ್ರೂ ಸ್ಟಾಂಪ್ ಆಲ್ಬಮ್ ತೆಗೆದು ತೋರಿಸಿದ್ರೆ, "ಮಾರಿದ್ರೆ ಎಷ್ಟು ಬರುತ್ತೆ?" ಅನ್ಬೇಡಿ. "ಆಗ ನೀವು ಎಲ್ಲಿದ್ರಿ ಅಜ್ಜ?" ಅಂತ ಕೇಳಿ.

1953ರಲ್ಲಿ ಕೊರಿಯಾ, 1962ರಲ್ಲಿ ಕಾಂಗೋ, 1965ರಲ್ಲಿ ಗಾಜಾ: ಅಲ್ಲಿದ್ದ ನಮ್ಮ ಸೈನಿಕರಿಗಾಗಿ ಭಾರತದ ಸ್ಟಾಂಪ್ ಮೇಲೇ ಬೇರೆ ಅಕ್ಷರ ಅಚ್ಚು ಹಾಕಿ ಕೊಟ್ಟಿದ್ದರು. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ನಡೆಸುತ್ತಿದ್ದಾಗಲೇ 1965ರಲ್ಲಿ ತೀರಿಕೊಂಡರು. ಮರುವರ್ಷ ಆ ದೇಶವೇ ಅವರ ನೆನಪಿಗೆ ಸ್ಟಾಂಪ್ ತಂದಿತು.

ಇಷ್ಟೆಲ್ಲ ಕ್ಯಾಟಲಾಗ್‌ನಲ್ಲಿ ಸಿಗುತ್ತೆ. ಆದ್ರೆ ಸೈನಿಕನ ವಿಳಾಸದಲ್ಲಿ ಊರಿನ ಹೆಸರು ಇರಲ್ಲ, ‘56 ಎಪಿಒ’ ಅಂತಷ್ಟೇ. ಮುದ್ರೆಯಲ್ಲೂ ಫೀಲ್ಡ್ ಪೋಸ್ಟ್ ಆಫೀಸಿನ ನಂಬರ್. ಅದರ ಹಿಂದೆ ಎಂಥಾ ಚಳಿ ಇತ್ತು, ಮನೆ ಕಾಗದಕ್ಕೆ ಎಷ್ಟು ದಿನ ಕಾದ್ರು ಅನ್ನೋದು ಅಜ್ಜನಿಗೇ ಗೊತ್ತು.

ಅದಕ್ಕೇ ನನಗೆ ಇದು ಬರೀ ಟೈಮ್‌ಪಾಸ್ ಹವ್ಯಾಸ ಅನ್ನಿಸಲ್ಲ. ಸ್ಟಾಂಪ್ ಕಿತ್ತು ನೀರಿಗೆ ಹಾಕ್ಬೇಡಿ, ಲಕೋಟೆ ಸಮೇತ ಇಡಿ. ಅವರು ಹೇಳಿದ್ದನ್ನ ಒಂದು ಚೀಟಿಯಲ್ಲಿ ಬರೆದು ಅದೇ ಪುಟದಲ್ಲಿ ಸಿಕ್ಕಿಸಿ. ಈ ಭಾನುವಾರವೇ ಹೋಗಿ ಕೂತ್ಕೊಳ್ಳಿ, ಅಜ್ಜನಿಗೆ ವಯಸ್ಸಾಗ್ತಿದೆ.