ಕುರ್ಚಿಯ ಲೆಕ್ಕ ಮತ್ತು ದೂರದ ಊರಿನ ನೌಕರ

ಹುಮನಾಬಾದ್ ಬಸ್ ನಿಲ್ದಾಣವನ್ನು ಬಳಸಿ ಬೆಳೆದವರಿಗೆ ಆಸನ ಕಾಯ್ದಿರಿಸುವ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ಲನ್ನೋ ಕರವಸ್ತ್ರವನ್ನೋ ಎಸೆದರೆ ಆ ಆಸನ ಎಸೆದವನದು. ಘಾಟಬೋರಾಳದಿಂದ ಕಾಲೇಜಿಗೆ ಓಡಾಡುತ್ತಿದ್ದ ದಿನಗಳಲ್ಲಿ ನಾನೂ ಹಾಗೆಯೇ ಆಸನ ಹಿಡಿದವನು. ಗಟ್ಟಿ ತೋಳಿನವರಿಗೆ ಲಾಭವಾಗುತ್ತಿದ್ದ ಆ ಪದ್ಧತಿಯಲ್ಲಿ ಅನ್ಯಾಯವಿತ್ತು, ನಿಜ. ಆದರೆ ವೃದ್ಧೆಯೊಬ್ಬಳು ಬಸ್ ಹತ್ತಿದರೆ ಟವೆಲ್ ಎತ್ತಿಕೊಳ್ಳಬೇಕಾಗುತ್ತಿತ್ತು. ಅದಕ್ಕೆ ಕಂಡಕ್ಟರನ ಒಂದು ಮಾತು ಸಾಕಾಗುತ್ತಿತ್ತು.

ಅದೇ ವಿದ್ಯೆಯನ್ನು ತಂತ್ರಾಂಶದ ರೂಪದಲ್ಲಿ ಜಾರಿಗೆ ತರುವ ಸಮಿತಿಯೊಂದರಲ್ಲಿ ನಾನು ಸದಸ್ಯನಾಗಿದ್ದೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿಯೊಂದರಲ್ಲಿ ವಾರದ ಕೆಲವು ದಿನ ಮನೆಯಿಂದ, ಕೆಲವು ದಿನ ಕಚೇರಿಯಿಂದ ದುಡಿಯುವ ‘ಹೈಬ್ರಿಡ್’ ಪದ್ಧತಿ ಬಂದಾಗ ಯಾರಿಗೂ ಸ್ವಂತ ಮೇಜು ಉಳಿಯಲಿಲ್ಲ. ಬರುವ ದಿನದ ಮೇಜನ್ನು ಮೊಬೈಲ್‌ನಲ್ಲಿ ಮೊದಲೇ ಕಾಯ್ದಿರಿಸಬೇಕು. ಆಡಳಿತ ವಿಭಾಗದ ಈ ಸಣ್ಣ ವ್ಯವಹಾರದ ಬಗ್ಗೆ ಪತ್ರಿಕೆಯಲ್ಲಿ ಬರೆಯುವಂಥದ್ದೇನಿದೆ ಎಂದು ಓದುಗರು ಕೇಳಬಹುದು. ನಾನೂ ಹಾಗೆಯೇ ಭಾವಿಸಿದ್ದೆ. ಯಾರು ಎಲ್ಲಿ ಬದುಕಬಹುದು, ಯಾರ ದುಡಿಮೆಯನ್ನು ಯಾವ ಅಳತೆಗೋಲಿನಿಂದ ಅಳೆಯಲಾಗುತ್ತದೆ ಎಂಬ ಪ್ರಶ್ನೆಗಳು ಈ ಕುರ್ಚಿಯ ಲೆಕ್ಕದಲ್ಲಿ ಅಡಗಿವೆ ಎಂಬುದು ನನಗೆ ಅರಿವಾದದ್ದು ತಡವಾಗಿ.

ಹಿನ್ನೆಲೆಯನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. 2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಾಗ ಮಾಹಿತಿ ತಂತ್ರಜ್ಞಾನ ಕಂಪೆನಿಗಳು ಕೆಲವೇ ದಿನಗಳಲ್ಲಿ ಮನೆಗಳಿಗೆ ಸ್ಥಳಾಂತರಗೊಂಡವು. ಆ ವರ್ಷದ ನವೆಂಬರ್‌ನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ಹೊರಗುತ್ತಿಗೆ ಸೇವಾ ಸಂಸ್ಥೆಗಳ ಮೇಲಿದ್ದ ನೋಂದಣಿಯ ಕಟ್ಟುಪಾಡುಗಳನ್ನು ಕೈಬಿಟ್ಟಿತು. 2021ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರವೇ ಒಂದು ಹೆಜ್ಜೆ ಮುಂದೆ ಹೋಗಿ, ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗಿನ ಮೆಟ್ರೊ ಕಾಮಗಾರಿಯ ಕಾರಣಕ್ಕೆ, ಹೊರವರ್ತುಲ ರಸ್ತೆಯ ಕಂಪೆನಿಗಳು 2022ರ ಡಿಸೆಂಬರ್‌ವರೆಗೆ ಮನೆಯಿಂದಲೇ ಕೆಲಸ ಮುಂದುವರಿಸಲಿ ಎಂದು ಸಲಹೆ ನೀಡಿತು. ಹೀಗೆ ನನ್ನಂಥ ಎಷ್ಟೋ ಮಂದಿ ಬೀದರ್, ಕಲಬುರ್ಗಿ, ರಾಯಚೂರು ಜಿಲ್ಲೆಗಳ ಊರುಗಳಲ್ಲಿ ಕುಳಿತು ಬೆಂಗಳೂರಿನ ಕೆಲಸ ಮಾಡಿದೆವು. ಸಂಪರ್ಕ ಕೈಕೊಟ್ಟಾಗ ಮಾಳಿಗೆ ಹತ್ತಿ, ಮೊಬೈಲ್ ಸಂಕೇತ ಹುಡುಕಿ ಕೆಲಸ ಮುಗಿಸಿದ್ದೇವೆ. ತಂದೆ-ತಾಯಿಯರ ಔಷಧದ ವೇಳೆ, ತೊಗರಿ ರಾಶಿಯ ದಿನಗಳು ಮತ್ತೆ ನಮ್ಮ ಬದುಕಿನ ಭಾಗವಾದವು.

ಬಳಿಕ ಗಾಳಿ ತಿರುಗಿತು. ಟಿಸಿಎಸ್ 2023ರ ಅಕ್ಟೋಬರ್‌ನಿಂದ ವಾರಕ್ಕೆ ಐದು ದಿನ, ವಿಪ್ರೊ ಅದೇ ವರ್ಷದ ನವೆಂಬರ್ 15ರಿಂದ ವಾರಕ್ಕೆ ಮೂರು ದಿನ ಕಚೇರಿಗೆ ಬರಬೇಕೆಂದವು. ಇನ್ಫೊಸಿಸ್ 2025ರ ಮಾರ್ಚ್‌ನಿಂದ ತಿಂಗಳಿಗೆ ಹತ್ತು ದಿನಗಳ ನಿಯಮವನ್ನು ಹಾಜರಾತಿ ವ್ಯವಸ್ಥೆಯ ಮೂಲಕವೇ ಬಿಗಿಗೊಳಿಸಿತು. ಎದುರು ಬದುರು ಕುಳಿತು ಕಲಿಯುವುದರಿಂದ ಹೊಸಬರಿಗೆ ಆಗುವ ಲಾಭವನ್ನು ಅಲ್ಲಗಳೆಯಲಾಗದು. ಖಾಲಿ ಕಟ್ಟಡಕ್ಕೆ ಬಾಡಿಗೆ ತೆರುವ ಸಂಸ್ಥೆಯ ಸಂಕಟವೂ ಸುಳ್ಳಲ್ಲ. ಪ್ರಶ್ನೆ ಇರುವುದು ಮರಳಿ ಕರೆಯುವ ಕ್ರಮದಲ್ಲಿ.

ಮೊದಲು ಲೆಕ್ಕವನ್ನೇ ನೋಡೋಣ. ಒಂದು ಕಚೇರಿಯಲ್ಲಿ 300 ನೌಕರರಿದ್ದು, ಪ್ರತಿಯೊಬ್ಬರೂ ವಾರದ ಐದು ದಿನಗಳಲ್ಲಿ ಮೂರು ದಿನ ಬರಬೇಕೆಂದಿಟ್ಟುಕೊಳ್ಳಿ. ವಾರಕ್ಕೆ 900 ಭೇಟಿಗಳು, ಸರಾಸರಿ ದಿನಕ್ಕೆ 180. ಹಾಗಾದರೆ 200 ಮೇಜುಗಳು ಸಾಕು, 100 ಮೇಜುಗಳ ಬಾಡಿಗೆ ಉಳಿಯಿತು ಎಂದು ಹಣಕಾಸು ವಿಭಾಗ ಸಂತೋಷಪಡುತ್ತದೆ. ಆದರೆ ಮನುಷ್ಯರು ಸರಾಸರಿಯ ಪ್ರಕಾರ ಬರುವುದಿಲ್ಲ. ಸೋಮವಾರ, ಶುಕ್ರವಾರಗಳನ್ನು ಬಿಟ್ಟು ಎಲ್ಲರೂ ಮಂಗಳವಾರದಿಂದ ಗುರುವಾರದವರೆಗೆ ಬಂದರೆ ಆ ಮೂರೂ ದಿನ ನೂರು ಮಂದಿಗೆ ಮೇಜಿಲ್ಲ. ಉಳಿದೆರಡು ದಿನ ಇನ್ನೂರು ಮೇಜುಗಳೂ ಖಾಲಿ. ತಂತ್ರಾಂಶ ಈ ಕೊರತೆಯನ್ನು ನೀಗಿಸಲಾರದು. ಅದನ್ನು ಯಾರ ಪಾಲಿಗೆ ಹಂಚಬೇಕೆಂಬುದನ್ನಷ್ಟೇ ಅದು ನಿರ್ಧರಿಸುತ್ತದೆ.

ನಮ್ಮಲ್ಲಿ ಆದದ್ದೂ ಅದೇ. ಮೊದಲು ಬಂದವರಿಗೆ ಮೊದಲ ಆದ್ಯತೆ ಎಂಬ ನಿಯಮ ಮೇಲ್ನೋಟಕ್ಕೆ ಅತ್ಯಂತ ನ್ಯಾಯಸಮ್ಮತವಾಗಿ ಕಂಡಿತು. ಕಾಯ್ದಿರಿಸುವ ಕಿಟಕಿ ತೆರೆದ ಕ್ಷಣವೇ ಒಳ್ಳೆಯ ಮೇಜುಗಳೆಲ್ಲ ಮುಗಿಯುತ್ತಿದ್ದವು. ಆ ಹೊತ್ತಿನಲ್ಲಿ ಮಗುವಿಗೆ ಊಟ ಮಾಡಿಸುತ್ತಿದ್ದವರು, ರಾತ್ರಿ ಪಾಳಿ ಮುಗಿಸಿ ಮಲಗಿದ್ದವರು ಉಳಿದುದನ್ನು ಆರಿಸಿಕೊಂಡರು. ಬೆಳಿಗ್ಗೆ ಹತ್ತರೊಳಗೆ ಹಾಜರಿ ಒತ್ತದಿದ್ದರೆ ಮೇಜು ತಾನಾಗಿ ಬಿಡುಗಡೆಯಾಗುವ ಏರ್ಪಾಡನ್ನು ನಾವು ಹೆಮ್ಮೆಯಿಂದ ಸೇರಿಸಿದ್ದೆವು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಬಿದ್ದವನು ಕಚೇರಿ ತಲುಪುವ ಮೊದಲೇ ಕುರ್ಚಿ ಕಳೆದುಕೊಂಡಿರುತ್ತಿದ್ದ.

ದೂರದ ಊರಿನವರ ಸ್ಥಿತಿ ಇನ್ನೂ ವಿಚಿತ್ರ. ಘಾಟಬೋರಾಳಕ್ಕೂ ಬೆಂಗಳೂರಿಗೂ ಆರುನೂರು ಕಿಲೊಮೀಟರಿಗೂ ಹೆಚ್ಚಿನ ಅಂತರ. ಬೀದರ್–ಕಲಬುರ್ಗಿ ರೈಲು ಮಾರ್ಗ 2017ರ ಅಕ್ಟೋಬರ್ 29ರಂದು ಲೋಕಾರ್ಪಣೆಯಾಗಿ ಹುಮನಾಬಾದ್ ರೈಲು ಕಂಡಿತು. 2020ರ ಫೆಬ್ರುವರಿಯಲ್ಲಿ ಬೀದರ್‌ನಿಂದ ಆರಂಭವಾದ ಬೆಂಗಳೂರು ವಿಮಾನ ನಡುವೆ ನಿಂತು 2025ರ ಏಪ್ರಿಲ್‌ನಲ್ಲಿ ಮತ್ತೆ ಹಾರಿತು. ಆದರೂ ಒಂದು ದಿನದ ಹಾಜರಿಗಾಗಿ ಎರಡು ರಾತ್ರಿ ಪ್ರಯಾಣಿಸುವುದು ಸಾಧ್ಯವಿಲ್ಲ. ಒಮ್ಮೆ ಬಂದು ಹತ್ತು ದಿನ ಸತತವಾಗಿ ಕೆಲಸ ಮಾಡಿ ಹೋಗುವುದು ನಮಗೆ ಸಾಧ್ಯ. ಆದರೆ ಒಬ್ಬರು ಒಮ್ಮೆಗೆ ಮೂರು ದಿನಕ್ಕಿಂತ ಹೆಚ್ಚು ಕಾಯ್ದಿರಿಸುವಂತಿಲ್ಲ ಎಂಬ ಮಿತಿ ನಮ್ಮ ತಂತ್ರಾಂಶದಲ್ಲಿತ್ತು. ಅದನ್ನು ಹಾಕಿದವರಿಗೆ ಕೆಟ್ಟ ಉದ್ದೇಶವಿರಲಿಲ್ಲ. ದೂರದ ಊರು ಎಂಬುದು ಅವರ ಕಲ್ಪನೆಯಲ್ಲಿ ಇರಲಿಲ್ಲ, ಅಷ್ಟೆ.

ಈ ಪ್ರಯೋಗ ಹೊಸದೇನೂ ಅಲ್ಲ. ಅಮೆರಿಕದ ಜಾಹೀರಾತು ಸಂಸ್ಥೆ ಚಯಟ್ ಡೇ, 1990ರ ದಶಕದ ಮಧ್ಯಭಾಗದಲ್ಲಿ ತನ್ನ ಲಾಸ್ ಏಂಜಲೀಸ್ ಮತ್ತು ನ್ಯೂಯಾರ್ಕ್ ಕಚೇರಿಗಳಲ್ಲಿ ಯಾರಿಗೂ ಸ್ವಂತ ಮೇಜಿಲ್ಲದಂತೆ ಮಾಡಿತು. ನೌಕರರು ಕಡತಗಳನ್ನು ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡು ಓಡಾಡಬೇಕಾಯಿತು. ಆ ದಶಕ ಮುಗಿಯುವ ಮುನ್ನವೇ ಸಂಸ್ಥೆ ಹೆಜ್ಜೆ ಹಿಂದಿಟ್ಟಿತು. ಲಂಡನ್ನಿನ ‘ಡೇಲಿ ಟೆಲಿಗ್ರಾಫ್’ ಪತ್ರಿಕೆ 2016ರ ಜನವರಿಯಲ್ಲಿ ಸಿಬ್ಬಂದಿಯ ಮೇಜುಗಳಡಿ ಶಾಖ ಮತ್ತು ಚಲನೆ ಗುರುತಿಸುವ ಉಪಕರಣಗಳನ್ನು ಅಳವಡಿಸಿತ್ತು. ಜಾಗದ ಬಳಕೆಯನ್ನು ಅರಿಯುವುದಷ್ಟೇ ಉದ್ದೇಶವೆಂದು ಹೇಳಲಾಯಿತು. ಪತ್ರಕರ್ತರ ಸಂಘದ ಪ್ರತಿಭಟನೆಯ ಬಳಿಕ ಅದೇ ದಿನ ಅವುಗಳನ್ನು ಕಿತ್ತುಹಾಕಬೇಕಾಯಿತು.

ನಮ್ಮ ಕಚೇರಿಯಲ್ಲಿ ಅಂಥ ಪ್ರತಿಭಟನೆ ನಡೆಯಲಿಲ್ಲ, ಏಕೆಂದರೆ ನಮಗೆ ಏನೂ ಕಾಣಿಸಲಿಲ್ಲ. ಯಾವ ದಿನ ಎಷ್ಟು ಮೇಜು ಬೇಕೆಂದು ತಿಳಿಯಲು ಒಂದು ಮಾಸಿಕ ವರದಿ ಬೇಕಿತ್ತು. ಅದರ ನಮೂನೆಯನ್ನು ಸಿದ್ಧಪಡಿಸಿದವನು ನಾನೇ. ಸಂಖ್ಯೆಗಳು ಸಾಕಾಗಿದ್ದವು, ಆದರೆ ಮುಂದೆ ಉಪಯೋಗಕ್ಕೆ ಬಂದೀತೆಂದು ಹೆಸರಿನ ಅಂಕಣವನ್ನೂ ಸೇರಿಸಿದೆ. ವರ್ಷಾಂತ್ಯದಲ್ಲಿ ಅದೇ ವರದಿ ಕಾರ್ಯಕ್ಷಮತೆಯ ಮೌಲ್ಯಮಾಪನದ ಸಭೆಗೆ ಹೋಯಿತು. ಮೇಜು ಕಾಯ್ದಿರಿಸಿದ ದಿನಗಳು ಕಡಿಮೆ ಇದ್ದವರು ಕಾರಣ ನೀಡಬೇಕೆಂದು ಪತ್ರ ಬಂತು. ಆ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ತಾಯಿಯ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಅನುಮತಿ ಪಡೆದೇ ಊರಿನಿಂದ ಕೆಲಸ ಮಾಡಿದ ಆರು ವಾರಗಳು ಅದರಲ್ಲಿ ಖಾಲಿ ಚೌಕಗಳಾಗಿದ್ದವು. ನನಗೆ ವಿವರಿಸುವ ಅವಕಾಶ ಸಿಕ್ಕಿತು. ಇನ್ನಿಬ್ಬರು ಸಹೋದ್ಯೋಗಿಗಳು ವಿವರಿಸುವ ಬದಲು ರಾಜೀನಾಮೆ ಕೊಟ್ಟರು. ನಾನು ಸೇರಿಸಿದ ಆ ಒಂದು ಅಂಕಣ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಕಾನೂನು ಇಲ್ಲಿ ಎಷ್ಟು ನೆರವಾಗುತ್ತದೆ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ನಾವು ಹೆಮ್ಮೆಪಡುವ ಸಂಗತಿ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಉದ್ಯೋಗದ ಉದ್ದೇಶಕ್ಕಾಗಿ ನೌಕರನ ಮಾಹಿತಿಯನ್ನು ಅವನ ಒಪ್ಪಿಗೆ ಇಲ್ಲದೆಯೂ ಬಳಸಲು ಮಾಲೀಕನಿಗೆ ಅವಕಾಶ ನೀಡಿದೆ. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಅದರ ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು ನೀಡಲಾಗಿದೆ. ಮೇಜಿನ ದಾಖಲೆ ಉದ್ಯೋಗದ ಉದ್ದೇಶದ ವ್ಯಾಪ್ತಿಗೆ ಬರುತ್ತದೆ ಎಂದು ವಾದಿಸುವುದು ಯಾವ ಸಂಸ್ಥೆಗೂ ಕಷ್ಟವಲ್ಲ.

ಇನ್ನು ಕಾರ್ಮಿಕ ಕಾನೂನು. ಸೇವಾ ಷರತ್ತುಗಳನ್ನು ಲಿಖಿತವಾಗಿ ಗೊತ್ತುಪಡಿಸುವ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಕರ್ನಾಟಕ ಸರ್ಕಾರ ಐಟಿ ವಲಯಕ್ಕೆ 2014ರಿಂದ ವಿನಾಯಿತಿ ನೀಡುತ್ತ ಬಂದು, 2024ರಲ್ಲಿ ಮತ್ತೆ ಐದು ವರ್ಷಕ್ಕೆ ವಿಸ್ತರಿಸಿತು. ಐಟಿ ನೌಕರರ ಸಂಘ ಇದನ್ನು ವಿರೋಧಿಸಿತ್ತು. ಆ ಕಾಯ್ದೆಯನ್ನು ಒಳಗೊಂಡ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಕೆಲಸದ ಸ್ಥಳ ಮತ್ತು ಹಾಜರಿಯ ದಾಖಲೆಯ ಬಳಕೆ ಕೂಡ ಸೇವಾ ಷರತ್ತೇ ಎಂದು ಸ್ಪಷ್ಟಪಡಿಸಲು ಇದೊಂದು ಸಂದರ್ಭ.

ಇಂಥ ತಂತ್ರಾಂಶವನ್ನು ಅಳವಡಿಸಲು ಹೊರಟಿರುವ ಸಂಸ್ಥೆಗಳಿಗೆ ಅನುಭವದಿಂದ ಕೆಲವು ಮಾತು ಹೇಳಬಹುದು. ಮೊದಲು ದಿನಗಳನ್ನು ಹಂಚಿಕೊಳ್ಳಿ, ಮೇಜುಗಳ ವಿಚಾರ ಆಮೇಲೆ. ಯಾವ ತಂಡ ಯಾವ ದಿನ ಬರಬೇಕೆಂದು ತಂಡಗಳೇ ಕುಳಿತು ತೀರ್ಮಾನಿಸಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಒಂದು ಮಹಡಿಯಲ್ಲಿ ಕೆಲವು ವಾರ ಪ್ರಯೋಗ ಮಾಡಿ, ದೂರುಗಳನ್ನು ಆಲಿಸಿದ ಬಳಿಕವಷ್ಟೇ ಉಳಿದೆಡೆಗೆ ವಿಸ್ತರಿಸಿ. ಅಂಗವಿಕಲರು, ಗರ್ಭಿಣಿಯರು, ಬೆನ್ನುನೋವಿನವರಿಗೆ ಕಾಯಂ ಮೇಜು ಕೊಡಿ. ಪ್ರತಿ ಸಂಸ್ಥೆಯೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕೆಂದು ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯೇ ಹೇಳುತ್ತದೆ. ದೂರದಿಂದ ಬರುವವರಿಗೆ ಸತತ ದಿನಗಳನ್ನು ಒಟ್ಟಿಗೆ ಕಾಯ್ದಿರಿಸಲು ಬಿಡಿ. ಯಾವ ಮೇಜನ್ನು ಯಾವಾಗ ಶುಚಿ ಮಾಡಬೇಕೆಂದು ಅದೇ ತೆರೆಯಿಂದ ತಿಳಿಯಬೇಕಾದ ಸ್ವಚ್ಛತಾ ಸಿಬ್ಬಂದಿಗಾಗಿ ಅದನ್ನು ಕನ್ನಡದಲ್ಲಿಯೂ ಒದಗಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ವರದಿಯಲ್ಲಿ ಸಂಖ್ಯೆಗಳಿರಲಿ, ಹೆಸರುಗಳು ಬೇಡ. ಹೆಸರಿನ ದಾಖಲೆಯನ್ನು ಕೆಲವೇ ವಾರಗಳಲ್ಲಿ ಅಳಿಸುತ್ತೇವೆ, ಮೌಲ್ಯಮಾಪನಕ್ಕೆ ಬಳಸುವುದಿಲ್ಲ ಎಂಬ ಭರವಸೆ ಲಿಖಿತವಾಗಿರಲಿ.

ಸರ್ಕಾರದ ಪಾಲೂ ಇದೆ. ‘ಬಿಯಾಂಡ್ ಬೆಂಗಳೂರು’ ಎಂಬ ಘೋಷಣೆಯಡಿ ಉದ್ಯಮವನ್ನು ಮೈಸೂರು, ಮಂಗಳೂರು, ಹುಬ್ಬಳ್ಳಿಗಳತ್ತ ಒಯ್ಯುವ ಮಾತನ್ನು ವರ್ಷಗಳಿಂದ ಕೇಳುತ್ತಿದ್ದೇವೆ. ಬೀದರ್ ಜಿಲ್ಲೆಯ ಯುವಕನಿಗೆ ಸಂವಿಧಾನದ 371 ಜೆ ವಿಧಿ ಸರ್ಕಾರಿ ಉದ್ಯೋಗದಲ್ಲಿ ಮೀಸಲು ಕೊಡುತ್ತದೆ. ಖಾಸಗಿ ಉದ್ಯೋಗದಲ್ಲಿ ಅವನಿಗೆ ಸಿಕ್ಕ ಏಕೈಕ ಅನುಕೂಲವೆಂದರೆ ಊರಿನಿಂದಲೇ ದುಡಿಯುವ ಆ ಕೆಲವು ದಿನಗಳು. ಹುಮನಾಬಾದ್, ಬಸವಕಲ್ಯಾಣದಂಥ ತಾಲ್ಲೂಕು ಕೇಂದ್ರಗಳಲ್ಲಿ ನೆಚ್ಚಬಹುದಾದ ವಿದ್ಯುತ್ತು ಮತ್ತು ಅಂತರ್ಜಾಲವಿರುವ ಸಾಮಾನ್ಯ ಕೆಲಸದ ಕೊಠಡಿಗಳು ಬಂದರೆ, ಅಲ್ಲಿ ಕುಳಿತದ್ದನ್ನೂ ಹಾಜರಿ ಎಂದು ಕಂಪೆನಿಗಳು ಒಪ್ಪಿದರೆ, ಹೊರವರ್ತುಲ ರಸ್ತೆಯ ಭಾರವೂ ಸ್ವಲ್ಪ ಇಳಿದೀತು.

ಹುಮನಾಬಾದಿನ ಬಸ್ಸಿನಲ್ಲಿ ನಿಯಮ ತಪ್ಪಿದರೆ ತಿದ್ದಲು ಕಂಡಕ್ಟರ್ ಇದ್ದ. ಎದುರಿಗೆ ನಿಂತ ವೃದ್ಧೆಯ ಮುಖ ಎಲ್ಲರಿಗೂ ಕಾಣುತ್ತಿತ್ತು. ತಂತ್ರಾಂಶಕ್ಕೆ ಯಾರ ಮುಖವೂ ಕಾಣದು, ಬರೆದ ನಿಯಮವಷ್ಟೇ ಗೊತ್ತು. ಹೀಗಾಗಿ ನಿಯಮ ಬರೆಯುವ ಮೇಜಿನ ಸುತ್ತ ಯಾರು ಕುಳಿತಿದ್ದಾರೆ ಎಂಬುದನ್ನು ಮೊದಲು ನೋಡಬೇಕು. ನಮ್ಮ ಸಮಿತಿಯಲ್ಲಿ ದೂರದ ಊರಿನವನೆಂದರೆ ನಾನೊಬ್ಬನೇ ಇದ್ದೆ, ಮತ್ತು ನಾನು ಆ ದಿನ ಮಾತನಾಡಲಿಲ್ಲ.