ಬೆನ್‌ನ ಗಡಿಯಾರವೂ ನಮ್ಮ ವೀಕ್ಷಣಾ ಪುಸ್ತಕವೂ

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ಪಾಠ ವೀಕ್ಷಣೆಗೆಂದು ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಬಿಸಿಯೂಟ ಮುಗಿದು ಮಕ್ಕಳು ತಟ್ಟೆ ತೊಳೆದಿಟ್ಟಿದ್ದರು. ಗಂಟೆ ಹೊಡೆಯಲು ಇನ್ನೂ ಹತ್ತು ನಿಮಿಷವಿತ್ತು. ಏಳನೇ ತರಗತಿಯ ಹೊರಗೆ ಜಗುಲಿಯಲ್ಲಿ ಆರೇಳು ಮಕ್ಕಳು ಜೋರು ಜೋರಾಗಿ ಮಾತನಾಡುತ್ತಿದ್ದರು. ಜಗಳವಿರಬೇಕೆಂದು ಹತ್ತಿರ ಹೋದೆ. ಜಗಳವಲ್ಲ, ವಾದ. ವಿಷಯ ‘ಬೆನ್ ಟೆನ್’ ಕಾರ್ಟೂನ್.

“ವಾಚು ಹತ್ತು ನಿಮಿಷ ನಡೆಯತ್ತೆ ಅಂತಾರೆ. ಮತ್ತೆ ಒಂದೊಂದ್ಸಲ ಎರಡೇ ನಿಮಿಷಕ್ಕೆ ಕೆಂಪಾಗತ್ತಲ್ಲ, ಅದು ಹೆಂಗೆ?” ಎಂದು ಒಬ್ಬ ಕೇಳಿದ. “ಗೆಲ್ಲೋ ಹೊತ್ತಿಗೇ ಆಫ್ ಆಗತ್ತೆ. ನಾವು ಎದ್ದು ಹೋಗ್ಬಾರ್ದಲ್ಲ, ಅದಕ್ಕೆ” ಎಂದು ಇನ್ನೊಬ್ಬ. ಅಷ್ಟರಲ್ಲಿ ಒಬ್ಬ ಹುಡುಗಿ ಬೇರೆಯದೇ ಪ್ರಶ್ನೆ ತೆಗೆದಳು. ಅಂಗೈ ಮೇಲೆ ಕೂರುವಷ್ಟು ಪುಟ್ಟದಾದ, ಆದರೆ ಮಹಾ ಬುದ್ಧಿವಂತನಾದ ರೂಪವೂ ಬೆನ್‌ಗೆ ಇದೆಯಲ್ಲ, ಅದನ್ನು ಬಿಟ್ಟು ಯಾವಾಗಲೂ ಹೊಡೆದಾಡುವ ರೂಪವನ್ನೇ ಏಕೆ ಹುಡುಕುತ್ತಾನೆ ಎಂದು. ಗೋಡೆಗೆ ಒರಗಿ ನಿಂತಿದ್ದ ಹುಡುಗನೊಬ್ಬ ಹೇಳಿದ: “ಅವನಿಗೆ ಹತ್ತೇ ವರ್ಷ ಕಣೇ. ನಿನ್ ತಮ್ಮನ ಕೈಗೆ ಅಂಥ ವಾಚು ಕೊಟ್ರೆ ಅವನು ಕೂತ್ಕೊಂಡು ಯೋಚ್ನೆ ಮಾಡ್ತಾನಾ? ಮೊದ್ಲು ಹೊಡೀತಾನೆ.”

ಗಂಟೆ ಹೊಡೆಯಿತು. ನಮ್ಮ ಪ್ರಶಿಕ್ಷಣಾರ್ಥಿ ಒಳಗೆ ಬಂದವರೇ “ಕಾರ್ಟೂನ್ ಮಾತೆಲ್ಲ ಸಾಕು, ಪುಸ್ತಕ ತೆಗೀರಿ” ಎಂದರು. ತರಗತಿ ಕ್ಷಣದಲ್ಲಿ ನಿಶ್ಶಬ್ದವಾಯಿತು. ಆ ದಿನದ ಪಾಠ ‘ಗೋವಿನ ಹಾಡು’. ಹಸುವಿನ ಹೆಸರೇನು, ಹುಲಿಯ ಹೆಸರೇನು, ಹಸು ಯಾರಿಗೆ ಮಾತು ಕೊಟ್ಟಿತು – ಹೀಗೆ ಸಾಲಾಗಿ ಪ್ರಶ್ನೆಗಳು ಬಂದವು. ಮುಂದಿನ ಬೆಂಚಿನ ಮೂವರು ಉತ್ತರಿಸಿದರು. ಜಗುಲಿಯಲ್ಲಿ ಅಷ್ಟು ಚೆನ್ನಾಗಿ ಮಾತನಾಡಿದ್ದ ಹುಡುಗ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಅವನನ್ನು ಎಬ್ಬಿಸಿ ಕೇಳಿದಾಗಲೂ ಬಾಯಿ ಬಿಡಲಿಲ್ಲ.

ನಾನು ವೀಕ್ಷಣಾ ಪುಸ್ತಕದಲ್ಲಿ ಬರೆದೆ: “ತರಗತಿ ನಿರ್ವಹಣೆ ಚೆನ್ನಾಗಿದೆ. ಹಿಂದಿನ ಸಾಲಿನ ಮಕ್ಕಳ ಮೌಖಿಕ ಅಭಿವ್ಯಕ್ತಿ ದುರ್ಬಲವಾಗಿದೆ.” ಸಹಿ ಹಾಕಿದ ಮೇಲೆ ಆ ಎರಡನೆಯ ವಾಕ್ಯ ನನ್ನನ್ನು ಕಾಡತೊಡಗಿತು. ನಲವತ್ತು ನಿಮಿಷದ ಹಿಂದೆಯಷ್ಟೇ ನನ್ನ ಕಿವಿಯಾರೆ ಕೇಳಿದ್ದಕ್ಕೆ ಅದು ತೀರಾ ವಿರುದ್ಧವಾಗಿತ್ತು. ದುರ್ಬಲವಾಗಿದ್ದುದು ಮಗುವಿನ ಅಭಿವ್ಯಕ್ತಿಯಲ್ಲ, ನಾವು ಕೇಳಿದ ಪ್ರಶ್ನೆ. ಆ ಹುಡುಗನ ಬಗ್ಗೆ ನಾನು ಬರೆದದ್ದು ಸುಳ್ಳು. ಈ ಲೇಖನ ಅದರ ತಿದ್ದುಪಡಿ.

ಮಕ್ಕಳು ಕಾರ್ಟೂನಿನ ಬಗ್ಗೆ ನಡೆಸುವ ವಾದವನ್ನು ನಾವು ಪಾಠಕ್ಕೆ ಅಡ್ಡಿಯೆಂದು ತಿಳಿದಿದ್ದೇವೆ. ನನ್ನ ಅಭಿಪ್ರಾಯದಲ್ಲಿ ಸಾಹಿತ್ಯ ಪಾಠದ ಅತ್ಯಂತ ಕಷ್ಟದ ಕೆಲಸವನ್ನು ಮಕ್ಕಳು ಅಲ್ಲಿ ತಾವಾಗಿಯೇ ಮಾಡುತ್ತಿರುತ್ತಾರೆ. ಅದನ್ನು ಗುರುತಿಸುವುದನ್ನು ಪ್ರಶಿಕ್ಷಣಾರ್ಥಿಗಳಿಗೆ ನಾವು ಕಲಿಸಬೇಕು.

ಈ ಸರಣಿಯನ್ನು ನೋಡದ ಸಹೋದ್ಯೋಗಿಗಳಿಗಾಗಿ ನಾಲ್ಕು ಮಾತು. ‘ಬೆನ್ ಟೆನ್’ ಅಮೆರಿಕದ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ 2005ರ ಡಿಸೆಂಬರಿನಲ್ಲಿ ಶುರುವಾಯಿತು. ಬೆನ್ ಟೆನಿಸನ್ ಎಂಬ ಹತ್ತು ವರ್ಷದ ಹುಡುಗ ಬೇಸಿಗೆ ರಜೆಯಲ್ಲಿ ತಾತ ಮ್ಯಾಕ್ಸ್ ಮತ್ತು ಸೋದರ ಸಂಬಂಧಿ ಗ್ವೆನ್ ಜೊತೆ ಪ್ರವಾಸ ಹೊರಟಿರುತ್ತಾನೆ. ಆಕಾಶದಿಂದ ಬಿದ್ದ ‘ಆಮ್ನಿಟ್ರಿಕ್ಸ್’ ಎಂಬ ಗಡಿಯಾರ ಅವನ ಕೈಗೆ ಅಂಟಿಕೊಳ್ಳುತ್ತದೆ. ಅದರಿಂದ ಅವನು ಅನ್ಯಗ್ರಹ ಜೀವಿಗಳ ರೂಪ ತಾಳಬಲ್ಲ. ಮೊದಲಿಗೆ ಹತ್ತು ರೂಪಗಳು. ಸುಮಾರು ಹತ್ತು ನಿಮಿಷವಾದ ಮೇಲೆ ಗಡಿಯಾರ ಕೆಂಪಾಗಿ, ಅವನು ಮತ್ತೆ ಹುಡುಗನಾಗುತ್ತಾನೆ. ಆರಿಸಿದ ರೂಪವನ್ನು ಬಿಟ್ಟು ಬೇರೆಯದನ್ನು ಕೊಡುವುದೂ ಆ ಗಡಿಯಾರದ ಅಭ್ಯಾಸ. 2008ರಲ್ಲಿ ಬಂದ ‘ಏಲಿಯನ್ ಫೋರ್ಸ್’ ಎಂಬ ಮುಂದುವರಿಕೆಯಲ್ಲಿ ಬೆನ್‌ಗೆ ಹದಿನೈದು ವರ್ಷ. ಅಂದಿನಿಂದ ಇಂದಿನವರೆಗೆ ಇದರ ಅಭಿಮಾನಿಗಳು ಅಲ್ಲಿಯೂ ಇಲ್ಲಿಯೂ ವಾದ ನಿಲ್ಲಿಸಿಲ್ಲ. ನಮ್ಮ ಈಗಿನ ಪ್ರಶಿಕ್ಷಣಾರ್ಥಿಗಳಲ್ಲಿ ಅನೇಕರು ಶಾಲೆಗೆ ಹೋಗುವಾಗ ಇದನ್ನೇ ನೋಡಿ ಬೆಳೆದವರು.

ಈ ವಾದಗಳನ್ನು ಗಮನವಿಟ್ಟು ಕೇಳಿದರೆ ಅವುಗಳಲ್ಲಿ ಮೂರು ಬಗೆ ಕಾಣುತ್ತದೆ. ಮೂರನ್ನೂ ಮಕ್ಕಳು “ಲಾಜಿಕ್ಕೇ ಇಲ್ಲ” ಎಂಬ ಒಂದೇ ಮಾತಿನಲ್ಲಿ ಹೇಳುತ್ತಾರೆ. ಅವುಗಳನ್ನು ಬಿಡಿಸಿ ತೋರಿಸುವುದು ಶಿಕ್ಷಕರ ಕೆಲಸ.

ಮೊದಲನೆಯದು, ಕಥೆ ತಾನು ಹಾಕಿಕೊಂಡ ನಿಯಮವನ್ನು ತಾನೇ ಮುರಿದಿದೆಯೇ ಎಂಬ ಪ್ರಶ್ನೆ. ಗಡಿಯಾರದ ಹತ್ತು ನಿಮಿಷದ ವಾದ ಈ ಬಗೆಯದು. ಹುಡುಗ ಗಡಿಯಾರ ತೊಟ್ಟು ಬೆಂಕಿಯ ಮನುಷ್ಯನಾಗುವುದನ್ನು ಮಕ್ಕಳು ಒಪ್ಪುತ್ತಾರೆ, ಆದರೆ ಅದೇ ಗಡಿಯಾರ ಒಮ್ಮೊಮ್ಮೆ ಬೇಗ ಕೈಕೊಡುವುದನ್ನು ಒಪ್ಪುವುದಿಲ್ಲ. ಅಂದರೆ, ಅವರು ಕೇಳುತ್ತಿರುವುದು ವಾಸ್ತವವನ್ನಲ್ಲ, ಸುಸಂಗತಿಯನ್ನು. ಇದಕ್ಕೆ ಉತ್ತರ ಹುಡುಕಲೂ ವಿಧಾನ ಬೇಕು. ಇಪ್ಪತ್ತೆರಡು ನಿಮಿಷದಷ್ಟು ಉದ್ದದ ಕಂತಿನಲ್ಲಿ ಒಂದಿಡೀ ದಿನದ ಕಥೆ ಇರುತ್ತದೆ. ನಾವು ನೋಡಿದ ಎರಡು ನಿಮಿಷ ಕಥೆಯೊಳಗೆ ಎಷ್ಟು ಹೊತ್ತು? ಅಷ್ಟನ್ನು ಲೆಕ್ಕ ಹಾಕಿದ ಮೇಲೂ ಹೊಂದದಿದ್ದರೆ ಆಗ ಅದನ್ನು ಕಥೆಯ ತೂತು ಎನ್ನಬಹುದು. “ನಾವು ಎದ್ದು ಹೋಗ್ಬಾರ್ದಲ್ಲ” ಎಂದ ಹುಡುಗ ಇನ್ನೂ ಒಂದು ಹೆಜ್ಜೆ ಮುಂದಿದ್ದ. ತೂತು ಕಥೆಗಾರನ ಅನುಕೂಲಕ್ಕಾಗಿ ಆದದ್ದು ಎಂಬುದನ್ನು ಅವನು ಕಂಡುಕೊಂಡಿದ್ದ.

ಎರಡನೆಯದು, ಪಾತ್ರ ಮಾಡಿದ ಆಯ್ಕೆ ಆ ಪಾತ್ರಕ್ಕೆ ಹೊಂದುತ್ತದೆಯೇ ಎಂಬ ಪ್ರಶ್ನೆ. ಬುದ್ಧಿವಂತ ರೂಪವನ್ನು ಬಿಟ್ಟು ಹೊಡೆದಾಡುವ ರೂಪಕ್ಕೆ ಕೈಹಾಕುವುದು ಕಥೆಯ ತೂತಲ್ಲ. ಅದು ಹತ್ತು ವರ್ಷದ ಹುಡುಗನ ಸ್ವಭಾವ. ನಾವು ಬೇರೆ ಆಯ್ಕೆ ಮಾಡುತ್ತಿದ್ದೆವು ಎಂಬ ಕಾರಣಕ್ಕೆ ಅವನ ಆಯ್ಕೆ ತಪ್ಪಾಗುವುದಿಲ್ಲ. ಗೋಡೆಗೆ ಒರಗಿದ್ದ ಹುಡುಗನ ಉತ್ತರದಲ್ಲಿ ವಯಸ್ಸು, ಸಂದರ್ಭ, ಹೋಲಿಕೆ ಮೂರೂ ಇದ್ದವು. ಪಾತ್ರ ವಿಮರ್ಶೆ ಎಂದು ನಾವು ಕರೆಯುವುದು ಇದನ್ನೇ ಅಲ್ಲವೇ?

ಮೂರನೆಯದು, ಹೇಳದೆ ಬಿಟ್ಟ ಜಾಗದ ಪ್ರಶ್ನೆ. ಕೆವಿನ್ ಎಂಬ ಹುಡುಗ ಮೊದಲ ಸರಣಿಯಲ್ಲಿ ಬೆನ್‌ಗೆ ಗೆಳೆಯನಾಗಿ ಸಿಕ್ಕಿ, ಜನರ ಪ್ರಾಣಕ್ಕೇ ಕುತ್ತು ತರುವ ದರೋಡೆಗೆ ಹೊರಟು, ವೈರಿಯಾಗುತ್ತಾನೆ. ‘ಏಲಿಯನ್ ಫೋರ್ಸ್’ನಲ್ಲಿ ಅವನೇ ಬೆನ್‌ನ ತಂಡದವನು. ನಡುವಿನ ಐದು ವರ್ಷದಲ್ಲಿ ಅವನು ಬದಲಾದದ್ದು ಹೇಗೆ? ಮೊದಲು ವಿದ್ಯುತ್ತಿನಂಥ ಶಕ್ತಿಯನ್ನು ಹೀರಿಕೊಳ್ಳುತ್ತಿದ್ದವನು ಈಗ ಕಲ್ಲು, ಲೋಹಗಳನ್ನು ಮುಟ್ಟಿ ಮೈಯನ್ನು ಅದರಂತೆಯೇ ಗಟ್ಟಿ ಮಾಡಿಕೊಳ್ಳುತ್ತಾನಲ್ಲ, ಏಕೆ? ಅಭಿಮಾನಿಗಳು ಇದನ್ನು ಬಹಳ ಕಾಲ ಚರ್ಚಿಸಿದರು. 2010ರಲ್ಲಿ ಶುರುವಾದ ‘ಅಲ್ಟಿಮೇಟ್ ಏಲಿಯನ್’ ಸರಣಿಯಲ್ಲಿ, ಶಕ್ತಿಯನ್ನು ಹೀರಿದರೆ ಅವನ ಬುದ್ಧಿ ಕೆಡುತ್ತದೆ, ಆದ್ದರಿಂದಲೇ ದೂರವಿದ್ದಾನೆ ಎಂಬ ವಿವರಣೆ ಬಂತು. ಗ್ವೆನ್ ವಿಷಯವೂ ಹೀಗೆಯೇ. ಮೊದಲ ಸರಣಿಯಲ್ಲಿ ಅವಳು ಮಂತ್ರದ ಪುಸ್ತಕದಿಂದ ವಿದ್ಯೆ ಕಲಿಯುತ್ತಾಳೆ. ಮುಂದಿನದರಲ್ಲಿ ಅವಳ ಶಕ್ತಿ ಅನ್ಯಗ್ರಹದ ಅಜ್ಜಿಯಿಂದ ಬಂದದ್ದು ಎನ್ನುತ್ತಾರೆ. ಓದಿ ಕಲಿತದ್ದನ್ನು ಹುಟ್ಟಿನಿಂದ ಬಂದದ್ದಾಗಿ ಮಾಡಿದರೆ ಪಾತ್ರ ದೊಡ್ಡದಾಗುತ್ತದೆಯೋ ಚಿಕ್ಕದಾಗುತ್ತದೆಯೋ? ಬಿ.ಇಡಿ. ತರಗತಿಯಲ್ಲಿ ಒಂದು ಗಂಟೆ ಚರ್ಚಿಸಲು ಇದೊಂದೇ ಪ್ರಶ್ನೆ ಸಾಕು.

ಇದೆಲ್ಲ ಹೊರಗಿನಿಂದ ಬಂದ ಹುಚ್ಚು ಎನ್ನುವವರಿಗೆ ನಮ್ಮ ಕರಾವಳಿ, ಮಲೆನಾಡಿನ ತಾಳಮದ್ದಳೆಯನ್ನು ನೆನಪಿಸುತ್ತೇನೆ. ವೇಷವಿಲ್ಲ, ಕುಣಿತವಿಲ್ಲ. ‘ವಾಲಿ ವಧೆ’ ಪ್ರಸಂಗದಲ್ಲಿ ವಾಲಿಯ ಅರ್ಥಧಾರಿ, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ನ್ಯಾಯವೇ ಎಂದು ರಾಮನನ್ನು ಕೇಳುತ್ತಾನೆ. ರಾಮನ ಅರ್ಥಧಾರಿ ಸಮರ್ಥಿಸಿಕೊಳ್ಳಬೇಕು. ಕಥೆಯ ಅಂತ್ಯ ಎಲ್ಲರಿಗೂ ಗೊತ್ತು. ಆದರೂ ಜನ ರಾತ್ರಿಯಿಡೀ ಕೂತು ಕೇಳಿದ್ದಾರೆ. ಪಾತ್ರದ ಆಯ್ಕೆಯನ್ನು ಕಟಕಟೆಗೆ ತರುವುದು ನಮಗೆ ಹೊಸದಲ್ಲ. ತರಗತಿಯೊಳಗೆ ಬರುವಾಗ ಮಾತ್ರ ಅದನ್ನು ಹೊರಗೆ ಬಿಟ್ಟು ಬರುತ್ತೇವೆ.

ಆ ಸಂಜೆ ಪಾಠದ ನಂತರದ ಚರ್ಚೆಯಲ್ಲಿ ಪ್ರಶಿಕ್ಷಣಾರ್ಥಿಗೆ ಜಗುಲಿಯ ವಾದವನ್ನು ಹೇಳಿದೆ. ಅವರು ನಕ್ಕು, “ಸರ್, ನಾನೂ ಬೆನ್ ಟೆನ್ ಹುಚ್ಚಿನವಳೇ. ಕೆವಿನ್ ವಿಷಯಕ್ಕೆ ಅಣ್ಣನ ಜೊತೆ ಎರಡು ದಿನ ಮಾತು ಬಿಟ್ಟಿದ್ದೆ” ಎಂದರು. “ಮತ್ತೆ ಮಕ್ಕಳನ್ನು ಸುಮ್ಮನಿರಿಸಿದ್ದೇಕಮ್ಮ?” ಎಂದೆ. “ನೀವು ಹಿಂದೆ ಕೂತಿದ್ರಲ್ಲ ಸರ್” ಎಂದರು. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಅಂಕಪಟ್ಟಿಯಲ್ಲಿ ನಿಶ್ಶಬ್ದಕ್ಕೆ ಅಂಕವಿದೆ, ಮಗು ಕೇಳಿದ ಪ್ರಶ್ನೆಗೆ ಇಲ್ಲ. ಪ್ರಶಿಕ್ಷಣಾರ್ಥಿಗಳು ಅದನ್ನು ಬಲು ಬೇಗ ಅರ್ಥ ಮಾಡಿಕೊಳ್ಳುತ್ತಾರೆ.

ಮರುದಿನ ಅದೇ ತರಗತಿಯಲ್ಲಿ ಅವರು ಪಾಠವನ್ನು ಮುಂದುವರಿಸಿದರು. ಪೀಠಿಕೆಯ ಐದು ನಿಮಿಷ ಗಡಿಯಾರದ ವಾದಕ್ಕೆ ಕೊಟ್ಟು, ಕಪ್ಪುಹಲಗೆಯ ಮೇಲೆ “ನಿಯಮ ಮುರಿಯಿತೇ? ಸ್ವಭಾವವೇ? ಹೇಳದೆ ಬಿಟ್ಟದ್ದೇ?” ಎಂದು ಬರೆದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: “ಹಸುವನ್ನು ಬಿಟ್ಟು ಕಳಿಸಿದ್ದರೆ ಸಾಕಿತ್ತು. ಹುಲಿ ಸಾಯಬೇಕಿತ್ತೇ?” ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಯ ಬೆಂಚಿನ ಅದೇ ಹುಡುಗ ಎದ್ದು ನಿಂತ. “ಬಿಟ್ಟು ಕಳಿಸಿದ್ರೂ ಹಸಿವು ಹೋಗಲ್ಲ ಮಿಸ್. ನಾಳೆ ಇನ್ನೊಂದು ಹಸು ಬರತ್ತೆ. ಅದಕ್ಕೂ ಒಂದು ಕರು ಇರತ್ತೆ.” ಇನ್ನೊಬ್ಬಳು, “ಹಸು ಕರುವಿಗೂ ತಾಯಿ, ಹುಲಿಗೂ ಮಾತು ಕೊಟ್ಟವಳು. ಯಾವುದು ದೊಡ್ಡದು?” ಎಂದು ಕೇಳಿದಳು. ಮಕ್ಕಳು ಪದ್ಯಕ್ಕೆ ಹಿಂತಿರುಗಿ ಸಾಲುಗಳನ್ನು ಹುಡುಕಿ ಓದತೊಡಗಿದರು. ಸದ್ದಿತ್ತು, ಆದರೆ ಪುಸ್ತಕ ಮುಚ್ಚಿ ಕೂತವರು ಯಾರೂ ಇರಲಿಲ್ಲ.

ಆಕ್ಷೇಪಗಳೂ ಇವೆ. ನಲವತ್ತು ನಿಮಿಷದ ಅವಧಿಯಲ್ಲಿ ಇದಕ್ಕೆಲ್ಲ ಸಮಯವೆಲ್ಲಿ ಎಂದು ಮಾರ್ಗದರ್ಶಕ ಶಿಕ್ಷಕರು ಕೇಳಿದರು. ನ್ಯಾಯವಾದ ಪ್ರಶ್ನೆ. ಪ್ರತಿ ಪಾಠದಲ್ಲೂ ಬೇಡ, ಕಥೆಯಿರುವ ಪಾಠಕ್ಕೊಂದು ಪ್ರಶ್ನೆ ಸಾಕು. ಕಾರ್ಟೂನು ಆಟಿಕೆ ಮಾರುವ ವ್ಯಾಪಾರ ಎಂದು ಇನ್ನೊಬ್ಬರು ಹೇಳಿದರು. ನಿಜ, ‘ಬೆನ್ ಟೆನ್’ ಗಡಿಯಾರ ನಮ್ಮ ಜಾತ್ರೆಯ ಅಂಗಡಿಗಳಿಗೂ ಬಂದಿತ್ತು. ಸರಣಿ ಶ್ರೇಷ್ಠವೆಂದು ನಾನು ಹೇಳುತ್ತಿಲ್ಲ. ಅದರಲ್ಲಿ ತೂತು ಹುಡುಕಬಲ್ಲ ಮಗು ಜಾಹೀರಾತಿನಲ್ಲೂ ಹುಡುಕೀತು.

ನನಗೆ ನಿಜವಾಗಿ ಅಳುಕಿರುವುದು ಬೇರೆ ಎರಡು ವಿಷಯಗಳಲ್ಲಿ. ಒಂದು, ಎಲ್ಲ ಮಕ್ಕಳ ಮನೆಯಲ್ಲೂ ಟಿವಿ, ಮೊಬೈಲ್ ಇರುವುದಿಲ್ಲ. ನೋಡದವರು ಹೊರಗುಳಿದರೆ ನಾವು ಹೊಸದೊಂದು ಹಿಂದಿನ ಬೆಂಚು ಸೃಷ್ಟಿಸಿದಂತೆ. ಆದ್ದರಿಂದ ಕಾರ್ಟೂನು ಪೀಠಿಕೆಗೆ ಮಾತ್ರ. ನೋಡಿದವರು ನೋಡದವರಿಗೆ ಕಥೆ ಹೇಳಲಿ, ಅದೂ ಮೌಖಿಕ ಅಭಿವ್ಯಕ್ತಿಯೇ. ವಾದ ನಡೆಯಬೇಕಾದದ್ದು ಎಲ್ಲರ ಕೈಯಲ್ಲೂ ಇರುವ ಪಾಠದ ಮೇಲೆ. ಇನ್ನೊಂದು, ಅಭಿಮಾನ ಹೆಚ್ಚಾದಾಗ ವಾದ ಹಂಗಿಸುವ ಮಾತಾಗುತ್ತದೆ. ಸೂಪರ್‌ಹೀರೋ ವಿಷಯ ಹುಡುಗರದ್ದು ಎಂದು ಹುಡುಗಿಯರನ್ನು ಬದಿಗೆ ಸರಿಸುವುದನ್ನೂ ಕಂಡಿದ್ದೇನೆ. ಗಡಿಯಾರ ಗ್ವೆನ್‌ಗೆ ಸಿಕ್ಕಿದ್ದರೆ ಎಂದು ಕಲ್ಪಿಸುವ ಒಂದು ಕಂತು ಮೂಲ ಸರಣಿಯಲ್ಲೇ ಇದೆ. ಆ ಪ್ರಶ್ನೆಯನ್ನು ತರಗತಿಗೆ ಹಾಕಿ ನೋಡಿ, ಯಾರು ಮೊದಲು ಕೈ ಎತ್ತುತ್ತಾರೆಂದು. ಶಿಕ್ಷಕರು ಅಲ್ಲಿ ಇರಬೇಕಾದದ್ದು ಇದಕ್ಕಾಗಿಯೇ. ಜಗುಲಿಯಲ್ಲಿ ಜೋರು ದನಿಯವರು ಗೆಲ್ಲುತ್ತಾರೆ, ತರಗತಿಯಲ್ಲಿ ಕಾರಣ ಕೊಟ್ಟವರು ಗೆಲ್ಲಬೇಕು.

ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೇ. ಪಾಠಯೋಜನೆಯ ‘ಪೂರ್ವಜ್ಞಾನ’ದ ಕಲಂನಲ್ಲಿ ಹಿಂದಿನ ತರಗತಿಯ ಪಠ್ಯವನ್ನು ಮಾತ್ರ ಬರೆಯಬೇಡಿ. ಊಟದ ಬಿಡುವಿನಲ್ಲಿ ಒಂದು ದಿನ ಮಕ್ಕಳ ನಡುವೆ ಕೂತು, ಅವರು ಯಾವ ಕಥೆಯ ಬಗ್ಗೆ ವಾದಿಸುತ್ತಾರೆ ಎಂದು ಕೇಳಿಸಿಕೊಂಡು ಬರೆಯಿರಿ. ಮಗು “ಲಾಜಿಕ್ಕೇ ಇಲ್ಲ” ಎಂದಾಗ “ಯಾವ ನಿಯಮ ಮುರಿಯಿತು?” ಎಂದು ಮರುಪ್ರಶ್ನೆ ಹಾಕಿ. “ನನಗೆ ಇಷ್ಟ ಆಗಲಿಲ್ಲ” ಎಂದಾಗ “ಅವನ ಜಾಗದಲ್ಲಿ, ಅವನಿಗೆ ಗೊತ್ತಿದ್ದಷ್ಟೇ ನಿನಗೂ ಗೊತ್ತಿದ್ದರೆ?” ಎಂದು ಕೇಳಿ. ಉತ್ತರಕ್ಕೆ ಕಥೆಯೊಳಗಿನ ಸಾಕ್ಷಿ ಬೇಡಿ. ಪಾಠದಲ್ಲೇ ತೂತು ಸಿಕ್ಕರೆ ಅದನ್ನು ಮುಚ್ಚಲು ಹೋಗಬೇಡಿ. ಎಲ್ಲರ ಮನೆಯ ದೋಸೆಯೂ ತೂತೇ.

ನನ್ನಂಥ ಬೋಧಕ ಸಹೋದ್ಯೋಗಿಗಳಲ್ಲಿ ಒಂದು ಕೋರಿಕೆ. ಶಾಲೆಯ ಹೊರಗಿನ ಬದುಕಿಗೂ ಜ್ಞಾನಕ್ಕೂ ನಂಟಿರಬೇಕೆಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದೂ 2005ರಲ್ಲೇ. ಅದನ್ನು ನಾವು ಪರೀಕ್ಷೆಗೆ ಪಾಠ ಮಾಡುತ್ತೇವೆ, ವೀಕ್ಷಣೆಗೆ ಕೂತಾಗ ಮರೆಯುತ್ತೇವೆ. ವೀಕ್ಷಣಾ ನಮೂನೆಗೆ ಒಂದು ಸಾಲು ಸೇರಿಸೋಣ: “ಈ ಪಾಠದಲ್ಲಿ ಮಕ್ಕಳು ಕೇಳಿದ ಪ್ರಶ್ನೆಗಳು ಯಾವುವು?” ಉತ್ತರ ಖಾಲಿ ಉಳಿದರೆ ‘ತರಗತಿ ನಿರ್ವಹಣೆ ಚೆನ್ನಾಗಿದೆ’ ಎಂದು ಬರೆಯುವ ಮೊದಲು ಇನ್ನೊಮ್ಮೆ ಯೋಚಿಸೋಣ.

ಆ ಪ್ರಶಿಕ್ಷಣಾರ್ಥಿಯ ಪುಸ್ತಕವನ್ನು ಮತ್ತೆ ಕೇಳಿ ಪಡೆದು, ನನ್ನ ಎರಡನೆಯ ವಾಕ್ಯವನ್ನು ಹೊಡೆದುಹಾಕಿದ್ದೇನೆ. ಪಕ್ಕದಲ್ಲಿ ಹೀಗೆ ಬರೆದಿದ್ದೇನೆ: “ಹಿಂದಿನ ಬೆಂಚಿನ ಹುಡುಗ ಚೆನ್ನಾಗಿ ಮಾತನಾಡಬಲ್ಲ. ನಾನು ಕೇಳಿದ್ದೇನೆ.”